ಗುಮ್ಮನ ಪಾಲು

“ಅಜ್ಜಿ, ದೆವ್ವಕ್ಕೆ ಎಷ್ಟು ಹಲ್ಲು ಇರ್ತವೆ?”

ಐದು ವರ್ಷದ ಮೊಮ್ಮಗ ಹೀಗೆ ಕೇಳಿದಾಗ ನನ್ನ ಎರಡೂ ಕೈಗೆ ರಾಗಿ ಹಿಟ್ಟು ಮೆತ್ತಿಕೊಂಡಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಮನುಷ್ಯನಿಗೆ ಮೂವತ್ತೆರಡು ಹಲ್ಲು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ದೆವ್ವದ ಹಲ್ಲಿನ ವಿಷಯ ಮಾತ್ರ ಯಾವ ಪಠ್ಯದಲ್ಲೂ ಬಂದಿರಲಿಲ್ಲ. “ನಿನಗೆಷ್ಟು ಬೇಕೋ ಅಷ್ಟು ಇಡು ಕಂದ” ಎಂದೆ. ಅವನು ಗೋಡಂಬಿ ಚೂರುಗಳನ್ನು ಒಂದೊಂದೇ ಚುಚ್ಚುತ್ತ ಹೋದ. ಹದಿನಾಲ್ಕಕ್ಕೆ ದೆವ್ವದ ಬಾಯಲ್ಲಿ ಜಾಗ ಮುಗಿಯಿತು. ಹದಿನೈದನೆಯದನ್ನು ತನ್ನ ಬಾಯಿಗೆ ಹಾಕಿಕೊಂಡ.

ಅಂದು ಅಕ್ಟೋಬರ್ 31. ಮಾರನೆಯ ದಿನ ರಾಜ್ಯೋತ್ಸವದ ರಜೆ ಎಂದು ಮಗಳು ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬೆಂಗಳೂರಿನಿಂದ ಕೋಲಾರದ ಚಿನ್ನದ ಗಣಿಯ ಊರಾದ ನಮ್ಮ ರಾಬರ್ಟ್‌ಸನ್‌ಪೇಟೆಗೆ ಬಂದಿದ್ದಳು. ಎಂಟು ವರ್ಷದ ಮೊಮ್ಮಗಳ ಮುಖ ಮಾತ್ರ ಊದಿಕೊಂಡೇ ಇತ್ತು. ಅವರ ಅಪಾರ್ಟ್‌ಮೆಂಟಿನಲ್ಲಿ ಅಂದು ಹ್ಯಾಲೋವೀನ್. ಮಕ್ಕಳೆಲ್ಲ ದೆವ್ವದ ವೇಷ ಹಾಕಿ ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುತ್ತಾರಂತೆ. ಇಲ್ಲಿಗೆ ಬಂದದ್ದರಿಂದ ಅದು ತಪ್ಪಿಹೋಯಿತು. “ಸರಿ, ಇಲ್ಲೇ ದೆವ್ವದ ಬಿಸ್ಕತ್ತು ಮಾಡೋಣ” ಎಂದು ನಾನು ಬಾಯಿ ತಪ್ಪಿ ಹೇಳಿದೆ. ಪೇಪರಿನ ಹಿಂದಿನಿಂದ ಅವರ ತಾತ ಕೇಳಿದರು: “ಇದೇನು ನಮ್ಮ ಹಬ್ಬವೇ?”

ಕೇಳಬೇಕಾದ ಪ್ರಶ್ನೆಯೇ. ಆದರೆ ನಮ್ಮ ಬೀದಿಯ ತುದಿಯಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ಒಂದು ಬೂದುಗುಂಬಳಕಾಯಿ ತೂಗುತ್ತಿದೆ. ಅದಕ್ಕೆ ಮೀಸೆ ಇದೆ, ಕೋರೆಹಲ್ಲಿದೆ, ಹೊರಚಾಚಿದ ಕೆಂಪು ನಾಲಿಗೆಯಿದೆ. ಐರ್ಲೆಂಡಿನವರು ಟರ್ನಿಪ್ ಗಡ್ಡೆ ಕೊರೆದು ಒಳಗೆ ದೀಪವಿಟ್ಟರು, ಅಮೆರಿಕಕ್ಕೆ ಹೋದ ಮೇಲೆ ಸಿಹಿಗುಂಬಳ ಹಿಡಿದರು. ನಾವು ಬೂದುಗುಂಬಳಕ್ಕೆ ಬಣ್ಣ ಹಚ್ಚಿ ದೃಷ್ಟಿಗೆ ಕಟ್ಟುತ್ತೇವೆ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನೆನಪಿರುವವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ದೆವ್ವಕ್ಕೆ ಬೈಯದೆ, ಬಡಿಯದೆ, ಸಾಲ ಕೇಳಲು ಬಂದವನಿಗೆ ಹೇಳುವಂತೆ ನಾಳೆ ಬಾ ಎಂದು ಕಳಿಸಿದ ಜನ ನಾವು. ಇನ್ನು ಪಿತೃಗಳಿಗೆ ಮಹಾಲಯ ಅಮಾವಾಸ್ಯೆಯಲ್ಲಿ ಎಡೆ ಇಡುತ್ತೇವೆ. ನಮ್ಮೂರಿನ ಕ್ರೈಸ್ತರು ನವೆಂಬರ್ 2ರಂದು ಸಮಾಧಿಗಳಿಗೆ ಹೂ ಹಾಕಿ ಮೇಣದಬತ್ತಿ ಹಚ್ಚುತ್ತಾರೆ. 31ಕ್ಕೆ ದೆವ್ವ, 1ಕ್ಕೆ ಕನ್ನಡ ಬಾವುಟ, 2ಕ್ಕೆ ಸತ್ತವರ ದೀಪ. ಮೂರೂ ಒಂದೇ ವಾರದಲ್ಲಿ ಬರುವ ಊರಿನಲ್ಲಿ ಯಾವುದು ನಮ್ಮದು, ಯಾವುದು ಅವರದು ಎಂದು ಗೆರೆ ಎಳೆಯಲು ನನ್ನ ಕೈಯಲ್ಲಾಗದು. ಅದೂ ಅಲ್ಲದೆ, ಊರಿನ ಹೆಸರೇ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಒಬ್ಬ ಬ್ರಿಟಿಷ್ ದೊರೆಯದು. ಇಷ್ಟು ಹೇಳಿದ ಮೇಲೆ ತಾತ ಪೇಪರು ಮಡಿಸಿಟ್ಟು ಬೆಲ್ಲ ಕುಟ್ಟಿಕೊಟ್ಟರು.

ಹುರಿದ ರಾಗಿ ಹಿಟ್ಟು ಒಂದು ಲೋಟ, ಗೋಧಿ ಹಿಟ್ಟು ಒಂದು ಲೋಟ, ಬೆಣ್ಣೆ ಅರ್ಧಕ್ಕಿಂತ ತುಸು ಹೆಚ್ಚು, ಬೆಲ್ಲದ ಪುಡಿ ಮುಕ್ಕಾಲು, ಏಲಕ್ಕಿ, ಕಲಸಲು ನಾಲ್ಕು ಚಮಚ ಹಾಲು. ಕೋಲಾರದ ಸೀಮೆಯ ದೆವ್ವ ರಾಗಿಯದ್ದೇ ಆಗಬೇಕಲ್ಲ. ಬಣ್ಣವೂ ತಾನಾಗಿ ಬಂತು, ಅಂಗಡಿಯಿಂದ ಕಪ್ಪು ಬಣ್ಣ ತರುವ ಗೋಜಿಲ್ಲ. ಮೊಮ್ಮಗಳು ಹಿಟ್ಟನ್ನು ಹೊಸೆದು ಬೆರಳು ಮಾಡಿದಳು. ಗೆಣ್ಣಿನ ಜಾಗದಲ್ಲಿ ಚಾಕುವಿನ ಹಿಂಬದಿಯಿಂದ ಗೆರೆ, ತುದಿಗೆ ಉಗುರಿನ ಹಾಗೆ ಸಿಪ್ಪೆ ಸುಲಿದ ಬಾದಾಮಿ. ನೋಡಿದರೆ ನನಗೇ ಒಂದು ಕ್ಷಣ ಮೈ ಜುಮ್ಮೆಂದಿತು. ಆಮೇಲೆ ಒಂದು ಚೇಳು ಮಾಡಿದಳು. ಬೇಸಿಗೆಯಲ್ಲಿ ಕೋಲಾರದ ಕೋಲಾರಮ್ಮನ ಗುಡಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಚೇಳಮ್ಮನ ಸನ್ನಿಧಿಯಲ್ಲಿ ನೆಲದೊಳಗಿನ ಹುಂಡಿಗೆ ಕಾಸು ಹಾಕಿದ್ದು ಅವಳಿಗೆ ನೆನಪಿತ್ತು. ಚೇಳಿನ ಭಯ ಹೋಗಲಿ ಎಂದು ಚೇಳಿಗೇ ಕೈಮುಗಿದ ಜನ ಇಲ್ಲಿನವರು.

ಮೊದಲ ತಟ್ಟೆ ಕೆಟ್ಟಿತು. ತಪ್ಪು ನನ್ನದೇ. ಅಭ್ಯಾಸಬಲದಿಂದ ಅರ್ಧ ಚಮಚ ಬೇಕಿಂಗ್ ಪೌಡರ್ ಬೆರೆಸಿಬಿಟ್ಟಿದ್ದೆ, ಬೆಣ್ಣೆಯೂ ಕರಗಿ ಸಡಿಲವಾಗಿತ್ತು. ಓವನ್ನಿನ ಗಾಜಿಗೆ ಇಬ್ಬರೂ ಕಣ್ಣಿಟ್ಟು ಕೂತಿದ್ದಂತೆಯೇ ದೆವ್ವಗಳು ಉಬ್ಬಿದವು, ಹರಡಿದವು, ಕೆನ್ನೆಗೆ ಕೆನ್ನೆ ಅಂಟಿಸಿಕೊಂಡವು. ಬಾಯಿ ಅಗಲವಾಗಿ ಹದಿನಾಲ್ಕು ಹಲ್ಲಿನ ದೆವ್ವ ಹಲ್ಲುಕಿರಿದು ನಗತೊಡಗಿತು. ಚೇಳು ಏಡಿಯಾಯಿತು. ಬೆರಳು ಬಾಳೆಕಾಯಿಯಾಯಿತು. ಮೊಮ್ಮಗಳಿಗೆ ಅಳು ಬರುವಂತಾಯಿತು. ಚಿಕ್ಕವನು ಮಾತ್ರ ಬಿದ್ದು ಬಿದ್ದು ನಕ್ಕ. ಬೆಳಗಿನಿಂದ ಅಕ್ಕನ ಬೆನ್ನು ಬಿಡದವನು, ಹಿತ್ತಲಿನ ಬಚ್ಚಲಿಗೆ ಒಬ್ಬನೇ ಹೋಗಲು ಹೆದರುವವನು, ಬಿಸಿಯಾರಿದ ಮೇಲೆ ಮೊದಲು ಕೈಹಾಕಿದ್ದು ಆ ನಗುವ ದೆವ್ವಕ್ಕೇ. ತಲೆಯಿಂದಲೇ ಕಚ್ಚಿದ.

ಅದನ್ನು ನೋಡಿದಾಗ ನನಗೆ ನಮ್ಮಮ್ಮ ನೆನಪಾದಳು. ನಾನು ಊಟ ಮಾಡದಿದ್ದರೆ ಅವಳು ಹೇಳುತ್ತಿದ್ದುದು ಒಂದೇ ಮಾತು: “ಗುಮ್ಮ ಬರ್ತಾನೆ, ಬೇಗ ಉಣ್ಣು.” ಪಕ್ಕದ ತೆಲುಗು ಮನೆಯಲ್ಲಿ ಅವನ ಹೆಸರು ಬೂಚೋಡು, ಎದುರಿನ ತಮಿಳು ಮನೆಯಲ್ಲಿ ಪೂಚಾಂಡಿ. ಒಂದೇ ಬೀದಿಯಲ್ಲಿ ಮೂರು ಭಾಷೆಯ ಗುಮ್ಮಂದಿರು ರಾತ್ರಿ ಎಂಟು ಗಂಟೆಗೆ ಸರಿಯಾಗಿ ಡ್ಯೂಟಿಗೆ ಬರುತ್ತಿದ್ದರು. ಇದು ಹಳೆಯ ಕಸುಬು. ಪುರಂದರದಾಸರ ಒಂದು ಕೀರ್ತನೆಯಲ್ಲಿ ಬಾಲಕೃಷ್ಣನೂ ಗುಮ್ಮನನ್ನು ಕರೆಯಬೇಡ ಎಂದು ಅಮ್ಮನಿಗೆ ದಮ್ಮಯ್ಯಗುಡ್ಡೆ ಹಾಕುತ್ತಾನೆ. ಲೋಕವನ್ನೇ ಹೊಟ್ಟೆಯಲ್ಲಿ ಇಟ್ಟುಕೊಂಡವನೂ ಗುಮ್ಮ ಎಂದರೆ ನಡುಗಿದ ಎಂಬುದರಲ್ಲಿ ದಾಸರ ತುಂಟತನವಿದೆ, ತಾಯಂದಿರ ಕಡೆಗೊಂದು ಮೆಲ್ಲನೆಯ ಚಿವುಟೂ ಇದೆ ಎಂದು ನನಗನ್ನಿಸುತ್ತದೆ. ಗುಮ್ಮನನ್ನು ಕರೆದರೆ ಮಗು ಉಣ್ಣುತ್ತದೆ, ನಿಜ. ಆದರೆ ಆ ಊಟದಲ್ಲಿ ಅನ್ನದ ಜೊತೆ ಹೆದರಿಕೆಯನ್ನೂ ನುಂಗುತ್ತದೆ. ಅನ್ನ ಜೀರ್ಣವಾಗುತ್ತದೆ, ಹೆದರಿಕೆ ಆಗುವುದಿಲ್ಲ. ಈಗ ನನ್ನ ಮುಂದೆ ಕೂತಿದ್ದವನು ಗುಮ್ಮನಿಗೆ ಹೆದರಿ ಉಣ್ಣುತ್ತಿರಲಿಲ್ಲ, ಗುಮ್ಮನನ್ನೇ ಉಣ್ಣುತ್ತಿದ್ದ.

ನಾಲ್ಕೈದು ವರ್ಷದ ಮಕ್ಕಳಿಗೆ ಕತ್ತಲಿನ ಭಯ ಸಹಜ. ಆ ವಯಸ್ಸಿನಲ್ಲಿ ಕಲ್ಪನೆ ಓಡುತ್ತದೆ, ಯಾವುದು ನಿಜ ಯಾವುದು ಸುಳ್ಳು ಎಂದು ತೂಗುವ ಬುದ್ಧಿ ಇನ್ನೂ ಅಂಬೆಗಾಲಿಡುತ್ತಿರುತ್ತದೆ. “ದೆವ್ವಗಿವ್ವ ಏನೂ ಇಲ್ಲ, ಸುಮ್ಮನಿರು” ಎಂದರೆ ಮಗುವಿಗೆ ಸಮಾಧಾನವಾಗದು. ಇಲ್ಲ ಎಂದವರು ದೀಪ ಆರಿಸಿ ಹೊರಟುಹೋಗುತ್ತಾರೆ. ಕತ್ತಲು ಅಲ್ಲೇ ಇರುತ್ತದೆ. ಹಿಟ್ಟು ಕೈಗೆ ಕೊಟ್ಟು “ಗುಮ್ಮ ಹೇಗಿದ್ದಾನೆ ತೋರಿಸು” ಎಂದರೆ ಸಂಗತಿಯೇ ಬೇರೆ. ಕಣ್ಣು ಎಲ್ಲಿಡಬೇಕು, ಕಿವಿ ಎಷ್ಟು ಉದ್ದ, ಹಲ್ಲು ಎಷ್ಟು ಎಂಬುದನ್ನೆಲ್ಲ ಅದೇ ತೀರ್ಮಾನಿಸಬೇಕು. ಗೋಡೆಯಷ್ಟು ಎತ್ತರವಿದ್ದವನು ಅಂಗೈಯಗಲಕ್ಕೆ ಇಳಿಯುತ್ತಾನೆ.

ಎರಡನೆಯ ತಟ್ಟೆಗೆ ಹೊಸದಾಗಿ ಹಿಟ್ಟು ಕಲಸಿದೆ, ಬೇಕಿಂಗ್ ಪೌಡರ್ ಮುಟ್ಟಲಿಲ್ಲ. ಅಚ್ಚುಕಟ್ಟಾಗಿ ಆಕಾರ ನಿಲ್ಲಬೇಕಾದರೆ ಹಿಟ್ಟು ಉಬ್ಬಬಾರದು, ಬೆಣ್ಣೆ ಗಟ್ಟಿಯಾಗಿರಬೇಕು. ಅರ್ಧ ಗಂಟೆ ಫ್ರಿಡ್ಜಿನಲ್ಲಿಟ್ಟೆವು. ಆ ಅರ್ಧ ಗಂಟೆ ತುಂಬಲು ಮಕ್ಕಳಿಗೊಂದು ಕತೆ ಬೇಕಾಯಿತು.

ಇಂಗ್ಲೆಂಡಿನ ತುದಿಯಲ್ಲಿ ಕಾರ್ನ್‌ವಾಲ್ ಎಂಬ ಸೀಮೆ. ತವರ ಮತ್ತು ತಾಮ್ರದ ಗಣಿಗಳ ನಾಡು. 1880ರ ಹೊತ್ತಿಗೆ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿ ಶುರುಮಾಡಿದಾಗ ಅಲ್ಲಿನ ಗಣಿಗಾರರೂ ನಮ್ಮೂರಿಗೆ ಬಂದರು. ಕಾರ್ನ್‌ವಾಲಿನವರ ನಂಬಿಕೆಯಲ್ಲಿ ಗಣಿಯ ಗೋಡೆಯೊಳಗೆ ‘ನಾಕರ್’ ಎಂಬ ಕುಳ್ಳ ಭೂತಗಳಿವೆ. ಅವು ಟಕ್ ಟಕ್ ಎಂದು ತಟ್ಟಿದರೆ ಬಂಡೆ ಕುಸಿಯುವ ಸೂಚನೆ, ಓಡಬೇಕು. ಅದಕ್ಕೇ ಗಣಿಗಾರರು ಬುತ್ತಿಗೆ ತಂದ ಪ್ಯಾಸ್ಟಿಯ ಕೊನೆಯ ಅಂಚನ್ನು ತಿನ್ನದೆ ಅವುಗಳ ಪಾಲಿಗೆಂದು ಬಿಡುತ್ತಿದ್ದರು. ಪ್ಯಾಸ್ಟಿ ಎಂದರೆ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ, ನಮ್ಮ ಕರ್ಜಿಕಾಯಿಯ ದೊಡ್ಡಣ್ಣನಂಥದು. ಇಲ್ಲಿಗೆ ಇಟಲಿಯಿಂದಲೂ ಕೆಲಸಗಾರರು ಬಂದಿದ್ದರು. ಅವರ ನಾಡಿನಲ್ಲಿ ನವೆಂಬರ್ 2ಕ್ಕೆ ‘ಸತ್ತವರ ಮೂಳೆ’ ಎಂಬ ಹೆಸರಿನ ಬಿಳಿ ಬಿಸ್ಕತ್ತು ಮಾಡುತ್ತಾರೆ. ಮೆಕ್ಸಿಕೋದಲ್ಲಿ ಸತ್ತವರ ದಿನದ ಬ್ರೆಡ್ಡಿನ ಮೇಲೆ ಹಿಟ್ಟಿನದೇ ಮೂಳೆ ಇಡುತ್ತಾರೆ. ಬೊಲಿವಿಯಾದ ಪೊಟೊಸಿಯ ಬೆಳ್ಳಿ ಗಣಿಯೊಳಗೆ ಕೊಂಬಿನ ಭೂತವೊಂದರ ಮೂರ್ತಿ ಇಟ್ಟು ಅದಕ್ಕೆ ಕೋಕಾ ಎಲೆ, ಸಿಗರೇಟು ಕೊಡುತ್ತಾರೆ. ನಾವು ಕಾಗೆಗೆ ಪಿಂಡ ಇಡುತ್ತೇವೆ. ಹೆದರಿಕೆಯಾದಲ್ಲೆಲ್ಲ ಜನ ಮೊದಲು ಮಾಡಿದ್ದು ಅಡುಗೆ. ಎದುರಿಗಿರುವುದು ಏನೇ ಇರಲಿ, ಅದಕ್ಕೂ ಹಸಿವಾಗುತ್ತದೆ, ಒಂದು ತುತ್ತು ಕೊಟ್ಟರೆ ಒಲಿಯುತ್ತದೆ ಎಂಬ ನಂಬಿಕೆಯಲ್ಲಿ ಎಷ್ಟೊಂದು ಮನುಷ್ಯತ್ವವಿದೆ!

“ನಮ್ಮ ಗಣೀಲೂ ಟಕ್ ಟಕ್ ಅಂತಿತ್ತಾ?” ಎಂದು ಮೊಮ್ಮಗಳು ಕೇಳಿದಳು.

ಟಕ್ ಟಕ್ ಅಲ್ಲ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿ ಇದು. ಆ ಆಳದಲ್ಲಿ ಬಂಡೆಯೇ 60 ಡಿಗ್ರಿಗೂ ಮೇಲೆ ಕಾದಿರುತ್ತಿತ್ತು. ಮೇಲಿನ ಭಾರ ತಾಳದೆ ಬಂಡೆ ಒಮ್ಮೊಮ್ಮೆ ಸಿಡಿಯುತ್ತಿತ್ತು. ರಾಕ್ ಬರ್ಸ್ಟ್ ಎನ್ನುತ್ತಿದ್ದರು, ಹಳಬರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಆಗ ಮೇಲೆ ಊರಿನಲ್ಲಿ ಮನೆಗಳೇ ಅದುರುತ್ತಿದ್ದವು. ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಲೋಟಗಳು ಗಲಗಲ ಎಂದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅಪ್ಪ ರಾತ್ರಿ ಶಿಫ್ಟಿನಲ್ಲಿ ಕೆಳಗಿರುತ್ತಿದ್ದರು. ನಾವು ಮಕ್ಕಳು ಎದ್ದು ಕೂತರೆ ಅಮ್ಮ ಹೇಳುತ್ತಿದ್ದಳು: “ಏನಿಲ್ಲ, ಕೆಳಗೆ ಗುಮ್ಮ ಮಗ್ಗುಲು ಬದಲಿಸಿದ. ಮಲಗಿ.” ನಾವು ಮಲಗುತ್ತಿದ್ದೆವು. ಅವಳು ಮಲಗುತ್ತಿರಲಿಲ್ಲ. ಬಾಗಿಲ ಚಿಲಕ ತೆಗೆದ ಸದ್ದು ಕೇಳಿಸುತ್ತಿತ್ತು. ಶಿಫ್ಟ್ ಮುಗಿಯುವ ಸೈರನ್ ಆಗಿ, ಅಪ್ಪನ ಬೂಟಿನ ಸದ್ದು ಬೀದಿ ತಿರುವಿನಲ್ಲಿ ಕೇಳುವವರೆಗೂ ಅವಳು ಹೊಸ್ತಿಲ ಮೇಲೆ ನಿಂತೇ ಇರುತ್ತಿದ್ದಳು.

ಅಮ್ಮನ ಭಯಕ್ಕೆ ಹೆಸರಿತ್ತು, ಅದು ಗಣಿಗೆ ಇಳಿಯುವ ಬಾವಿ, ಶಾಫ್ಟ್. ಆ ಹೆಸರನ್ನು ಅವಳು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ನಮಗೆ ಅರ್ಥವಾಗದಿರಲಿ ಎಂದು ಅದಕ್ಕೆ ಗುಮ್ಮನ ವೇಷ ತೊಡಿಸಿದಳು. ಅದು ಪ್ರೀತಿಯಿಂದಲೇ ಮಾಡಿದ್ದು, ಅವಳನ್ನು ದೂರಲಾರೆ. ಆದರೆ ಮಕ್ಕಳು ಮಾತು ಕೇಳುವುದಕ್ಕಿಂತ ಹೆಚ್ಚಾಗಿ ಮುಖ ಓದುತ್ತವೆ. ಅಮ್ಮ ಹೆದರಿದ್ದಾಳೆ ಎಂಬುದು ನನಗೆ ತಿಳಿಯುತ್ತಿತ್ತು, ಯಾವುದಕ್ಕೆ ಎಂಬುದು ತಿಳಿಯುತ್ತಿರಲಿಲ್ಲ. ಹಾಗೆ ಹೆಸರಿಲ್ಲದೆ ನನ್ನ ಕೈಗೆ ಬಂದ ಆ ಗಂಟನ್ನು ಎಷ್ಟೋ ವರ್ಷ ಹೊತ್ತೆ. ಮದುವೆಯಾದ ಮೇಲೂ ನಡುರಾತ್ರಿ ಲೋಟ ಅಲುಗಿದರೆ ಎದ್ದು ಹೊಸ್ತಿಲಿಗೆ ಹೋಗುತ್ತಿದ್ದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸೈರನ್ ನಿಂತ ಮೇಲೂ ನಿದ್ದೆ ಆ ಹೊತ್ತಿಗೇ ಒಡೆಯುತ್ತಿತ್ತು.

ಫ್ರಿಡ್ಜಿನಿಂದ ಹಿಟ್ಟು ತೆಗೆದೆ. ಕಾದ ಓವನ್ನಿನ ಬಾಗಿಲು ತೆರೆದಾಗ ಚಿಕ್ಕವನು ಧೈರ್ಯ ಬಂದು ಕೈ ಚಾಚಿದ. ನಾನು ಗದರಿಸಿದೆ. ಅವನ ತುಟಿ ನಡುಗಿತು. ಪಕ್ಕಕ್ಕೆ ಕೂರಿಸಿಕೊಂಡು ಹೇಳಿದೆ: “ದೆವ್ವ ಕಚ್ಚಲ್ಲ, ಇದು ಕಚ್ಚುತ್ತೆ. ಇದಕ್ಕೆ ಹೆದರಬೇಕು.” ಅಂಗೈಯನ್ನು ದೂರದಿಂದಲೇ ಬಿಸಿಗೆ ಒಡ್ಡಿ ತೋರಿಸಿದೆ. ಹೆದರದಿರುವುದೇ ಶೌರ್ಯ ಎಂದು ಮಕ್ಕಳಿಗೆ ಕಲಿಸುವುದು ಸುಲಭ. ನಮ್ಮಂಥ ಊರಿನಲ್ಲಿ ಅದು ಅಪಾಯವೂ ಹೌದು. ಇಲ್ಲಿ ಪಾಳುಬಿದ್ದ ಶಾಫ್ಟುಗಳಿವೆ, ಗಣಿ ಮಣ್ಣಿನ ಸಯನೈಡ್ ದಿಬ್ಬಗಳಿವೆ. ಬಚ್ಚಲಿನ ಕತ್ತಲಿಗೆ ಹೆದರಬೇಕಿಲ್ಲ, ಬಾಯ್ದೆರೆದ ಶಾಫ್ಟಿಗೆ ಹೆದರಲೇಬೇಕು. ಸುಳ್ಳು ಗುಮ್ಮನನ್ನು ದಿನಾ ಕರೆದು ಕರೆದು ಹೆದರಿಸಿದ ಬಾಯಿಯೇ ನಿಜವಾದ ಅಪಾಯವನ್ನೂ ಹೇಳಿದರೆ ಮಗು ಯಾವುದನ್ನು ನಂಬಬೇಕು? ಭಯವೂ ಉಪ್ಪಿನ ಹಾಗೆ, ಎಲ್ಲಿ ಎಷ್ಟು ಎಂದು ತಿಳಿದು ಹಾಕಬೇಕು.

ಈ ಸಲ ದೆವ್ವಗಳು ಇಟ್ಟ ಹಾಗೇ ನಿಂತವು. ಇನ್ನೂ ಒಂದು ಹಿಡಿ ಹಿಟ್ಟು ಉಳಿದಿತ್ತು. ಮೊಮ್ಮಗಳು ಅದನ್ನು ನನ್ನ ಮುಂದೆ ತಳ್ಳಿದಳು. “ಅಜ್ಜಿ, ನಿನ್ನ ಗುಮ್ಮನ್ನ ಮಾಡು.”

ಏನು ಮಾಡುವುದು ಎಂದು ನಾನು ಯೋಚಿಸಲಿಲ್ಲ, ಕೈ ತಾನೇ ಮಾಡಿತು. ನಾಲ್ಕು ಉದ್ದನೆಯ ಕಾಲು, ಅಡ್ಡಕ್ಕೆ ಎರಡು ಪಟ್ಟಿ, ಮೇಲೆ ಒಂದು ಚಕ್ರ. ಶಾಫ್ಟಿನ ಮೇಲೆ ನಿಲ್ಲುವ ಕಬ್ಬಿಣದ ಗೋಪುರ, ಜನರನ್ನು ತುಂಬಿದ ಕೇಜನ್ನು ಪಾತಾಳಕ್ಕೆ ಇಳಿಸುತ್ತಿದ್ದ ರಾಟೆ. ಮಕ್ಕಳು ಬಗ್ಗಿ ನೋಡಿದರು. “ಇದು ಗುಮ್ಮ ಅಲ್ಲ” ಎಂದ ಚಿಕ್ಕವನು, “ಜಾತ್ರೆ ರಾಟ್ನೆ.”

ಅಂದು ರಾತ್ರಿ ಮಲಗುವ ಮುಂಚೆ ಅವರಿಗೆ ಎಲ್ಲವನ್ನೂ ಹೇಳಿದೆ. ಅಪ್ಪ, ಕೇಜು, ಸೈರನ್, ಹೊಸ್ತಿಲ ಮೇಲೆ ನಿಂತ ಅಮ್ಮ. ಮಗಳೂ ಬಾಗಿಲಿಗೆ ಒರಗಿ ನಿಂತು ಕೇಳಿದಳು. ಅವಳಿಗೂ ನಾನು ಇದನ್ನು ಹೇಳಿರಲಿಲ್ಲ ಎಂದು ಆಗಲೇ ಹೊಳೆದದ್ದು. ಅಂದರೆ ಅಮ್ಮನ ಗಂಟನ್ನು ನಾನೂ ಬಿಚ್ಚದೆ ದಾಟಿಸಿಬಿಟ್ಟಿದ್ದೆ. “ಕೆಳಗೆ ನಿಜವಾಗ್ಲೂ ದೆವ್ವ ಇತ್ತಾ?” ಎಂದು ಮೊಮ್ಮಗಳು ಕೇಳಿದಳು. ಒಂದಿತ್ತು ಎಂದೆ. ಗೋಡೆ, ಬೆಟ್ಟ, ಭೂಮಿ ಎಲ್ಲವನ್ನೂ ತೂರಿಕೊಂಡು ಹೋಗುವ ನ್ಯೂಟ್ರಿನೋ ಎಂಬ ಕಣ. ಭೂತಕಣ ಎಂದೇ ಅದಕ್ಕೆ ಅಡ್ಡಹೆಸರು. ಮೇಲಿನ ಲೋಕದಲ್ಲಿ ಬೇರೆ ಕಣಗಳ ಗದ್ದಲ ಹೆಚ್ಚು ಎಂದು ಅದನ್ನು ಹುಡುಕುತ್ತ ವಿಜ್ಞಾನಿಗಳು ನಮ್ಮ ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳಕ್ಕೆ ಇಳಿದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು 1965ರಲ್ಲಿ ಅಲ್ಲಿ ಸಿಕ್ಕಿತು. ಅಮ್ಮನ ಎದೆ ನಡುಗಿಸಿದ ಕತ್ತಲಲ್ಲೇ ಯಾರೋ ಕಣ್ಣರಳಿಸಿ ಕೂತಿದ್ದರು. “ಈಗ್ಲೂ ನಮ್ಮೊಳಗೆ ತೂರಿ ಹೋಗ್ತಾ ಇದೆಯಾ?” “ಹೂಂ.” ಅವಳು ಹೊಟ್ಟೆ ಮುಟ್ಟಿ ನೋಡಿಕೊಂಡಳು.

ಚಿಕ್ಕವನಿಗೆ ಅದೆಲ್ಲ ಬೇಕಿರಲಿಲ್ಲ. ಅವನು ನನ್ನ ರಾಟ್ನೆ ಬಿಸ್ಕತ್ತನ್ನು ತಟ್ಟೆಯಿಂದ ತೆಗೆದುಕೊಂಡು, ಅಕ್ಕನ ಕೈ ಹಿಡಿಯದೆ, ಹಿತ್ತಲಿನ ಬಚ್ಚಲವರೆಗೆ ನಡೆದು ಹೋಗಿ ಬಾಗಿಲ ಬಳಿ ಇಟ್ಟು ಓಡಿ ಬಂದ. “ಇದು ಗುಮ್ಮನ ಪಾಲು. ಕಾರ್ನ್‌ವಾಲ್ ಮಾಮ ಕೊಟ್ಟಂಗೆ.”

ಬೆಳಿಗ್ಗೆ ಅವನೇ ನನ್ನನ್ನು ಎಬ್ಬಿಸಿ ಎಳೆದುಕೊಂಡು ಹೋದ. ದೂರದಲ್ಲೆಲ್ಲೋ ಧ್ವಜಾರೋಹಣಕ್ಕೆ ಮೈಕ್ ಪರೀಕ್ಷೆ ನಡೆದಿತ್ತು. ಬಚ್ಚಲ ಬಾಗಿಲಲ್ಲಿ ಬಿಸ್ಕತ್ತಿನ ಚಕ್ರ ಅರ್ಧ ಖಾಲಿಯಾಗಿತ್ತು. ಕಪ್ಪು ಇರುವೆಗಳ ಸಾಲೊಂದು ಚೂರುಗಳನ್ನು ಹೊತ್ತು ಗೋಡೆಯ ಬುಡದ ಬಿರುಕಿನೊಳಗೆ ಇಳಿಯುತ್ತಿತ್ತು, ಒಂದರ ಹಿಂದೊಂದು, ಮೊದಲ ಶಿಫ್ಟಿಗೆ ಹೊರಟವರ ಹಾಗೆ.

“ಅಜ್ಜಿ, ಕೆಳಗೆ ಹೋಗ್ತಾ ಇದ್ದಾವೆ. ಮೇಲೆ ಬರ್ತಾವಾ?”

“ಬರ್ತಾವೆ” ಎಂದೆ. ಇಬ್ಬರೂ ಹೊಸ್ತಿಲ ಮೇಲೆ ಕೂತು ನೋಡುತ್ತ ಕಾದೆವು.